57ನೇ ಬೀದಿಯ ಬಾಕಿ ಬಿಲ್ಲುಗಳು: ಒಂದು ಗ್ಯಾಲರಿಯ ಲೆಕ್ಕಾಚಾರ

2022ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಒಂದು ಪ್ರದರ್ಶನ ಶುರುವಾಯಿತು. ಮುಂದಿನ ಫೆಬ್ರವರಿವರೆಗೂ ನಡೆಯಿತು. ಚಿತ್ರ, ಶಿಲ್ಪ, ವಿಡಿಯೋ ಎಲ್ಲ ಇದ್ದವು. ಜೊತೆಗೆ ಮ್ಯೂಸಿಯಮ್ಮುಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ವಸ್ತುವೂ ಇತ್ತು. ಬಾಕಿ ಬಿಲ್ಲುಗಳು. ಗಡುವು ಮುಗಿದಿದೆ, ದುಡ್ಡು ಕಟ್ಟಿ ಎಂದು ಬಂದ ಕಾಗದಗಳು. ಇಂಥವನ್ನು ನಾವೆಲ್ಲ ಬೀರುವಿನ ತಳದಲ್ಲಿ ಬಚ್ಚಿಡುತ್ತೇವೆ. ಅಲ್ಲಿ ಗೋಡೆಗೆ ಏರಿಸಿದ್ದರು.

ಆ ಬಿಲ್ಲುಗಳು ಬಂದದ್ದು ಜಸ್ಟ್ ಅಬೋವ್ ಮಿಡ್‌ಟೌನ್ ಎಂಬ ಗ್ಯಾಲರಿಯ ಹೆಸರಿಗೆ. ಎಲ್ಲರೂ ಕರೆಯುತ್ತಿದ್ದದ್ದು ಜ್ಯಾಮ್ ಅಂತ. (ಬ್ರೆಡ್ಡಿಗೆ ಹಚ್ಚುವುದು ನೆನಪಾದರೆ ತಪ್ಪೇನಿಲ್ಲ. ಜಾಝ್ ಸಂಗೀತಗಾರರು ಒಟ್ಟಿಗೆ ಕೂತು ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವುದಕ್ಕೂ ಅದೇ ಹೆಸರು.) ಮುಖ್ಯವಾಗಿ ಕಪ್ಪು ಕಲಾವಿದರ ಕೆಲಸ ತೋರಿಸಲು 1974ರಿಂದ 1986ರವರೆಗೆ ನಡೆದ ಗ್ಯಾಲರಿ ಇದು. ನಡೆಸಿದವರು ಲಿಂಡಾ ಗೂಡ್ ಬ್ರಯಂಟ್. ಶುರು ಮಾಡಿದಾಗ ಅವರಿಗೆ 25 ವರ್ಷ. ಮನೆಯಲ್ಲಿ ಎರಡು ಪುಟ್ಟ ಮಕ್ಕಳು. ಸಾಕುವವರು ಇವರೊಬ್ಬರೇ.

ಜ್ಯಾಮ್ ಬಗ್ಗೆ ಬರೆಯುವವರು ಅಲ್ಲಿಂದ ಮೇಲೆ ಬಂದ ಕಲಾವಿದರ ಹೆಸರು ಹೇಳಿ ಮುಗಿಸುವುದೇ ಜಾಸ್ತಿ. ನನಗೆ ಆ ಬಿಲ್ಲುಗಳ ಮೇಲೇ ಕಣ್ಣು. ಸಮುದಾಯಕ್ಕಾಗಿ ಒಂದು ಕಲಾಸಂಸ್ಥೆ ಅಂತ ಕಟ್ಟಿದಾಗ ಖರ್ಚು ಯಾರ ತಲೆಗೆ ಬರುತ್ತದೆ, ಬಂದ ಲಾಭ ಯಾರ ಕೈಗೆ ಹೋಗುತ್ತದೆ? ಇದನ್ನು ಇಷ್ಟು ಬಿಡಿಸಿ ತೋರಿಸುವ ಪ್ರಕರಣ ನನಗೆ ಬೇರೆ ಕಂಡಿಲ್ಲ.

ಬಾಗಿಲು ತೆರೆಯುವ ಮುಂಚೆ

ಲಿಂಡಾ ಹುಟ್ಟಿದ್ದು 1949ರಲ್ಲಿ, ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜಿನಲ್ಲಿ ಓದಿದರು. ಕಪ್ಪು ಹೆಣ್ಣುಮಕ್ಕಳಿಗಾಗಿಯೇ ಇರುವ ಹಳೇ ಕಾಲೇಜು ಅದು. 1972ರಲ್ಲಿ ನ್ಯೂಯಾರ್ಕಿಗೆ ಬಂದರು. ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಫೆಲೋಶಿಪ್ ಮಾಡಿದರು. ಆಮೇಲೆ ನ್ಯೂಯಾರ್ಕಿನ ಕಪ್ಪು ಜನರ ಕೇರಿ ಅಂತ ಹೆಸರಾದ ಹಾರ್ಲೆಮ್ಮಿನ ಸ್ಟುಡಿಯೋ ಮ್ಯೂಸಿಯಮ್ಮಿನಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು.

ಈ ಎರಡು ಮ್ಯೂಸಿಯಮ್ಮುಗಳ ನಡುವಿನ ಅಂತರ ಗೊತ್ತಿದ್ದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. 1969ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಕುರಿತೇ ಒಂದು ದೊಡ್ಡ ಪ್ರದರ್ಶನ ಮಾಡಿತು. ಫೋಟೋಗಳಿದ್ದವು, ಧ್ವನಿಮುದ್ರಿಕೆಗಳಿದ್ದವು. ಆದರೆ ಹಾರ್ಲೆಮ್ಮಿನ ಚಿತ್ರಕಾರರ ಒಂದು ಚಿತ್ರವೂ ಇರಲಿಲ್ಲ, ಶಿಲ್ಪಿಗಳ ಒಂದು ಶಿಲ್ಪವೂ ಇರಲಿಲ್ಲ. ಕಪ್ಪು ಕಲಾವಿದರು ಮ್ಯೂಸಿಯಮ್ಮಿನ ಮುಂದೆ ಬೋರ್ಡು ಹಿಡಿದು ನಿಂತರು. ಇತ್ತ ಸ್ಟುಡಿಯೋ ಮ್ಯೂಸಿಯಂ 1968ರಲ್ಲಿ ಶುರುವಾದದ್ದು ಒಂದು ಮದ್ಯದಂಗಡಿಯ ಮೇಲಿನ ಬಾಡಿಗೆ ಜಾಗದಲ್ಲಿ.

ಡೇವಿಡ್ ಹ್ಯಾಮನ್ಸ್ ಆಗ ಲಾಸ್ ಏಂಜಲಿಸ್‌ನ ಕಪ್ಪು ಕಲಾವಿದ. ಮೈಗೆ ಎಣ್ಣೆ-ಗ್ರೀಸು ಬಳಿದುಕೊಂಡು, ಕಾಗದಕ್ಕೆ ಮೈಯೊತ್ತಿ, ಆ ಜಿಡ್ಡಿನ ಗುರುತಿನ ಮೇಲೆ ಬಣ್ಣದ ಪುಡಿ ಉದುರಿಸಿ ಚಿತ್ರ ಮಾಡುತ್ತಿದ್ದರು. ನ್ಯೂಯಾರ್ಕಿನಲ್ಲಿ ಯಾವಾಗ ಪ್ರದರ್ಶನ ಮಾಡ್ತೀರಿ ಅಂತ ಲಿಂಡಾ ಕೇಳಿದರು. ಬಿಳಿಯರ ಗ್ಯಾಲರಿಗಳಲ್ಲಿ ನಾನು ಕೆಲಸ ಇಡುವುದಿಲ್ಲ ಅಂದರು ಅವರು. ಹಾಗಾದರೆ ನಾನೇ ಒಂದು ಗ್ಯಾಲರಿ ತೆರೆಯಬೇಕಾಯ್ತು ಅಂದರು ಲಿಂಡಾ. ಈ ಮಾತನ್ನು ಲಿಂಡಾ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮಾತಿಗೆ ಅಂದದ್ದು ಅಂತ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

ಈ ದಾರಿಯಲ್ಲಿ ಅವರೇ ಮೊದಲಿಗರೇನೂ ಅಲ್ಲ. 1939ರಲ್ಲಿ ಶಿಲ್ಪಿ ಆಗಸ್ಟಾ ಸ್ಯಾವೇಜ್ ಹಾರ್ಲೆಮ್ಮಿನ 125ನೇ ಬೀದಿಯಲ್ಲಿ ಗ್ಯಾಲರಿ ತೆರೆದಿದ್ದರು. ದುಡ್ಡಿಲ್ಲದೆ ಕೆಲವೇ ತಿಂಗಳಲ್ಲಿ ಮುಚ್ಚಿತು. ಲಾಸ್ ಏಂಜಲಿಸ್‌ನಲ್ಲಿ ಚಿತ್ರಕಾರ್ತಿ ಸುಝಾನ್ ಜ್ಯಾಕ್ಸನ್ ನಡೆಸಿದ ಗ್ಯಾಲರಿ 32 ಕೂಡ 1970ರ ಹೊತ್ತಿಗೆ ನಿಂತಿತು. ಹ್ಯಾಮನ್ಸ್ ಅಲ್ಲೂ ಕೆಲಸ ತೋರಿಸಿದ್ದರು. ಹೆಣ್ಣುಮಕ್ಕಳು ಕಟ್ಟುವುದು, ಬಾಡಿಗೆ ಬಂದು ಕೆಡವುವುದು, ಇದು ಆಗಲೇ ಹಳೇ ಕಥೆ.

1,000 ಡಾಲರಿನ ಜಾಗ 300ಕ್ಕೆ

ಲಿಂಡಾ ಜಾಗ ಹುಡುಕಿದ್ದು ಹಾರ್ಲೆಮ್ಮಿನಲ್ಲಲ್ಲ. ಪ್ರಕರಣದ ಮೊದಲ ದೊಡ್ಡ ನಿರ್ಧಾರ ಇದೇ. ಮ್ಯಾನ್‌ಹಾಟನ್ನಿನ ನಡುಭಾಗಕ್ಕೆ ಮಿಡ್‌ಟೌನ್ ಅನ್ನುತ್ತಾರೆ. ಅದರ ಮೇಲ್ತುದಿಯಲ್ಲಿ 57ನೇ ಬೀದಿ. ಪೇಸ್, ಬೆಟ್ಟಿ ಪಾರ್ಸನ್ಸ್ ತರಹದ ಹೆಸರಾಂತ ಗ್ಯಾಲರಿಗಳೆಲ್ಲ ಅದರ ಆಸುಪಾಸಿನಲ್ಲೇ. ಚಿನ್ನದ ಅಂಗಡಿ ಸಾಲಿನಲ್ಲಿ ಹೊಸಬರೊಬ್ಬರು ಬಂದು ಬೋರ್ಡು ಹಾಕಿದ ಹಾಗೆ. 50 ವೆಸ್ಟ್ 57ನೇ ಬೀದಿಯಲ್ಲಿ ಒಂದು ಜಾಗ ಸಿಕ್ಕಿತು. ಹೇಳಿದ ಬಾಡಿಗೆ ತಿಂಗಳಿಗೆ 1,000 ಡಾಲರ್. ಲಿಂಡಾ ಮಾತಾಡಿ ಮಾತಾಡಿ 300ಕ್ಕೆ ಇಳಿಸಿದರು.

ಇದನ್ನು ಚೌಕಾಸಿಯ ಪವಾಡ ಅಂತ ಹೇಳುವವರಿದ್ದಾರೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ಆಗ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಜಾರುತ್ತಿತ್ತು. 1975ರಲ್ಲಿ ಅದು ಪೂರ್ತಿ ಬಯಲಿಗೆ ಬಂತು. ಖಾಲಿ ಬಿದ್ದ ಜಾಗಕ್ಕೆ 300 ಬಂದರೂ ಬರಲಿ ಅನ್ನುವ ಕಾಲ. ಆದರೂ ಹೋಗಿ ಕೇಳಬೇಕಲ್ಲ. ಕೇಳುವುದಕ್ಕೂ ಧೈರ್ಯ ಬೇಕು, ಅದು ಲಿಂಡಾ ಅವರದೇ.

ಸಾಲದ ವಿಷಯಕ್ಕೆ ಬಂದರೆ ಒಂದು ತಾರೀಖು ನೋಡಿ. ಹೆಣ್ಣು ಅಂತಲೋ, ಮದುವೆಯಾಗಿದೆ, ಆಗಿಲ್ಲ ಅಂತಲೋ ಸಾಲ ನಿರಾಕರಿಸಬಾರದು ಎಂಬ ಕಾಯ್ದೆಗೆ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ್ದು 1974ರ ಅಕ್ಟೋಬರ್ 28ರಂದು. ಜ್ಯಾಮ್ ಬಾಗಿಲು ತೆರೆದದ್ದು ನವೆಂಬರ್ 18ರಂದು. ಮೂರೇ ವಾರದ ಅಂತರ. ಕಾಯ್ದೆ ಜಾರಿಗೆ ಬಂದದ್ದು ಇನ್ನೊಂದು ವರ್ಷ ಕಳೆದು. ಜನಾಂಗದ ಕಾರಣಕ್ಕೂ ನಿರಾಕರಿಸಬಾರದು ಅಂತ ಅದಕ್ಕೆ ಸೇರಿಸಿದ್ದು 1976ರಲ್ಲಿ. ಅಂದರೆ 57ನೇ ಬೀದಿಯಲ್ಲಿ ಬೀಗದ ಕೈ ಹಿಡಿದು ನಿಂತ ಕಪ್ಪು ಹೆಣ್ಣುಮಗಳ ಬೆನ್ನಿಗೆ ಆವತ್ತು ಆ ಕಾನೂನು ಇರಲಿಲ್ಲ.

ಮೊದಲ ಪ್ರದರ್ಶನದ ಹೆಸರು ಸಿಂಥೆಸಿಸ್, ಅಂದರೆ ಬೇರೆ ಬೇರೆಯದನ್ನು ಒಂದಾಗಿಸುವುದು. ಆ ಕಾಲದ ಕಪ್ಪು ಕಲಾವಿದರಲ್ಲಿ ಒಂದು ಜಗಳ ಜೋರಾಗಿತ್ತು. ನಮ್ಮ ಜನರ ಮುಖ, ನಮ್ಮ ಬದುಕು ಕಾಣುವ ಹಾಗೆ ಬರೆಯಬೇಕು ಅನ್ನುವವರು ಒಂದು ಕಡೆ. ಗೆರೆ-ಬಣ್ಣ-ಆಕಾರಗಳೇ ಸಾಕು ಅನ್ನುವ ಅಮೂರ್ತದವರು ಇನ್ನೊಂದು ಕಡೆ. ಲಿಂಡಾ ಇಬ್ಬರನ್ನೂ ಒಂದೇ ಗೋಡೆಯ ಮೇಲೆ ತಂದರು.

ಎಣ್ಣೆ ಪೊಟ್ಟಣ

1975ರ ಮೇ ತಿಂಗಳು. ಹ್ಯಾಮನ್ಸ್ ಅವರ ಪ್ರದರ್ಶನ. ನ್ಯೂಯಾರ್ಕಿನಲ್ಲಿ ಅವರೊಬ್ಬರದೇ ಅಂತ ಆದ ಮೊದಲನೆಯದು. ಗಿರಾಕಿಗಳು ಬಂದದ್ದು ಮೈಯೊತ್ತಿದ ಆ ಚಿತ್ರಗಳನ್ನು ನೋಡಲು. ಅವು ಚೆಂದವಾಗಿದ್ದವು, ಚೌಕಟ್ಟು ಹಾಕಿ ಮನೆ ಹಜಾರದಲ್ಲಿ ತೂಗುಹಾಕಬಹುದಿತ್ತು.

ಒಳಗೆ ಬಂದು ನೋಡಿದರೆ ಕಂದು ಕಾಗದದ ಚೀಲಗಳು. ಎಣ್ಣೆ ಹೀರಿ ಅಲ್ಲಲ್ಲಿ ಪಾರದರ್ಶಕವಾದವು. ಬಜ್ಜಿ ಕಟ್ಟಿಸಿಕೊಂಡು ಬಂದ ಪೇಪರು ಹತ್ತು ನಿಮಿಷ ಕಳೆದ ಮೇಲೆ ಹೇಗಾಗುತ್ತೆ ಹೇಳಿ, ಆ ಕಲೆ. ಜೊತೆಗೆ ಕೂದಲು. ಮಾಂಸ ಸುಟ್ಟು ತಿಂದು ಬಿಟ್ಟ ಪಕ್ಕೆಲುಬಿನ ಮೂಳೆಗಳು. ಪ್ರದರ್ಶನದ ಹೆಸರೇ ಗ್ರೀಸಿ ಬ್ಯಾಗ್ಸ್ ಅಂಡ್ ಬಾರ್ಬೆಕ್ಯೂ ಬೋನ್ಸ್. ಜಿಡ್ಡು ಚೀಲ, ಸುಟ್ಟ ಮೂಳೆ.

ಹಲವರಿಗೆ ಸಿಟ್ಟು ಬಂತು. ಆ ಸಿಟ್ಟನ್ನು ತಳ್ಳಿಹಾಕುವಂತಿಲ್ಲ. ಕಷ್ಟಪಟ್ಟು ಓದಿ, ಕೆಲಸ ಹಿಡಿದು, ಒಳ್ಳೇ ಬಟ್ಟೆ ಹಾಕಿಕೊಂಡು 57ನೇ ಬೀದಿಯ ಗ್ಯಾಲರಿಗೆ ಗಿರಾಕಿಯಾಗಿ ಬಂದ ಮೊದಲ ತಲೆಮಾರಿನ ಕಪ್ಪು ಜನ ಅವರು. ತಾವು ಬೀದಿಯಲ್ಲಿ ಬಿಟ್ಟುಬಂದೆವು ಅಂದುಕೊಂಡದ್ದೇ ಇಲ್ಲಿ ಗೋಡೆಗೆ ಬಂದು ಕೂತಿತ್ತು. ಹ್ಯಾಮನ್ಸ್ ಲೆಕ್ಕ ಬೇರೆ. ಬಣ್ಣದ ಟ್ಯೂಬು, ಕ್ಯಾನ್ವಾಸು ಬೇರೆಯವರ ಸಾಮಾನು. ಕ್ಷೌರದಂಗಡಿ ನೆಲದ ಮೇಲಿನ ಕೂದಲು, ಊಟ ಮುಗಿದ ಮೇಲಿನ ಮೂಳೆ, ಇವು ನಮ್ಮ ಮೈಯವು, ನಮ್ಮ ಕೇರಿಯವು. ಅದೂ ಅಲ್ಲದೆ, ಜಿಡ್ಡು ಚೀಲವನ್ನು ಯಾರು ತಾನೇ ಕೊಳ್ಳುತ್ತಾರೆ?

ಗ್ಯಾಲರಿ ಮಾಲೀಕರಿಗೆ ಇದು ತಲೆನೋವಿನ ಜಾಗ. ಬಾಡಿಗೆ ಬರಬೇಕಾದದ್ದು ಗಿರಾಕಿಯಿಂದ. ಗ್ಯಾಲರಿ ತೆರೆದದ್ದು ಕಲಾವಿದನಿಗಾಗಿ. ಇಬ್ಬರೂ ನಮ್ಮವರೇ, ಇಬ್ಬರೂ ಸಮುದಾಯವೇ. ಆದರೆ ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ಬೇಡ. ಲಿಂಡಾ ಕಲಾವಿದನ ಕಡೆ ನಿಂತರು. ಮುಂದಿನ ಹನ್ನೊಂದು ವರ್ಷವೂ ಅಲ್ಲೇ ನಿಂತರು. ಬಾಕಿ ಬಿಲ್ಲುಗಳ ಬುಡ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಖರ್ಚು ಮಾಡಲು ಬಾರದೆ ಆದ ಸಾಲ ಅಲ್ಲ ಅದು.

ಹಾಗಂತ ಗಿರಾಕಿಗಳನ್ನು ಕೈಬಿಡಲೂ ಇಲ್ಲ. ಊಟ ಹಾಕಿ ಕೂರಿಸಿ ಕಲೆಯ ಬಗ್ಗೆ ಮಾತಾಡುವ ಕೂಟಗಳನ್ನು ನಡೆಸಿದರು. ಚಿತ್ರ ಕೊಳ್ಳುವುದು ಹೇಗೆ, ಯಾಕೆ ಕೊಳ್ಳಬೇಕು ಅಂತ ಮನೆಯಲ್ಲಿ ಯಾರೂ ಹೇಳಿಕೊಡದ ಜನಕ್ಕೆ ಅದೊಂದು ಪಾಠಶಾಲೆ. ಜ್ಯಾಮ್ ಚಿತ್ರಗಳನ್ನು ಮಾರಿತು, ಅನುದಾನಕ್ಕೂ ಅರ್ಜಿ ಹಾಕಿತು. ಅಂಗಡಿಯೂ ಹೌದು, ಸಂಘವೂ ಹೌದು. ಅಂಗಡಿಗೆ ಬೇಕಾದ ಲಾಭ ಇರಲಿಲ್ಲ, ಸಂಘಕ್ಕೆ ಬೇಕಾದ ದಾನಿಗಳ ಸಾಲೂ ಇರಲಿಲ್ಲ.

ಪರ್ಸಿನೊಳಗಿನ ಪ್ರದರ್ಶನ

1977ರ ಸೆಂಗಾ ನೆಂಗುಡಿ ಪ್ರದರ್ಶನ ನನಗೆ ತುಂಬ ಇಷ್ಟ. ಅವರೂ ಲಾಸ್ ಏಂಜಲಿಸ್‌ನವರೇ. ಕೆಲಸದ ಹೆಸರು ಆರ್.ಎಸ್.ವಿ.ಪಿ. (ದಯವಿಟ್ಟು ಉತ್ತರಿಸಿ ಎಂಬ ಫ್ರೆಂಚ್ ಮಾತಿನ ಮೊದಲಕ್ಷರಗಳು). ಸಾಮಾನು ಏನು ಗೊತ್ತಾ? ಹೆಂಗಸರು ತೊಟ್ಟು ಬಿಟ್ಟ ನೈಲಾನ್ ಸ್ಟಾಕಿಂಗ್ಸ್, ಒಂದಷ್ಟು ಮರಳು. ಸ್ಟಾಕಿಂಗ್ಸ್ ಒಳಗೆ ಮರಳು ತುಂಬಿ, ಗಂಟು ಹಾಕಿ, ಗೋಡೆಯಿಂದ ಗೋಡೆಗೆ ಎಳೆದು ಮೊಳೆ ಹೊಡೆಯುವುದು. ಮರಳಿನ ಭಾರಕ್ಕೆ ಬಟ್ಟೆ ಜೋತುಬೀಳುತ್ತದೆ. ಎಳೆದ ಕಡೆ ತೆಳುವಾಗಿ ಹರಿಯುವ ಹಾಗಾಗುತ್ತದೆ. ಬಸುರಿನಲ್ಲಿ ಹಿಗ್ಗಿ, ಆಮೇಲೆ ತನ್ನ ಪಾಡಿಗೆ ತಾನು ಕುಗ್ಗುವ ಮೈಯನ್ನು ಕಂಡು ಹುಟ್ಟಿದ ಕೆಲಸ ಇದು. ಗೆಳತಿ ಮ್ಯಾರನ್ ಹ್ಯಾಸಿಂಜರ್ ಆ ಎಳೆಗಳ ನಡುವೆ ಸಿಕ್ಕಿಕೊಂಡು, ಬಿಡಿಸಿಕೊಂಡು ಕುಣಿಯುತ್ತಿದ್ದರು.

ಇಡೀ ಪ್ರದರ್ಶನ ಒಂದು ಪರ್ಸಿನಲ್ಲಿ ಹಿಡಿಸುತ್ತದೆ ಅಂತ ನೆಂಗುಡಿ ಹೇಳುತ್ತಿದ್ದರು. ತಮಾಷೆಯಲ್ಲ, ಲೆಕ್ಕ. ಅಮೆರಿಕದ ಆ ತುದಿಯಿಂದ ಈ ತುದಿಗೆ ಕಂಚಿನ ಶಿಲ್ಪ ಸಾಗಿಸಲು ಲಾರಿ ಬೇಕು, ಪೆಟ್ಟಿಗೆ ಬೇಕು, ವಿಮೆ ಬೇಕು. ಸ್ಟಾಕಿಂಗ್ಸ್ ಮಡಚಿ ಇಟ್ಟುಕೊಂಡರೆ ಮುಗಿಯಿತು, ಮರಳು ಎಲ್ಲಿ ಬೇಕಾದರೂ ಸಿಗುತ್ತದೆ. ಬಡ ಗ್ಯಾಲರಿಗೆ ಹೇಳಿಮಾಡಿಸಿದ ಕಲೆ. ಜ್ಯಾಮ್‌ನಲ್ಲಿ ಬಂದ ಕೆಲಸಗಳಿಗೂ ಅಲ್ಲಿನ ಖಾಲಿ ಗಲ್ಲಾಪೆಟ್ಟಿಗೆಗೂ ಒಂದು ನಂಟು ಇದ್ದೇ ಇದೆ.

ಎರಡನೇ ಮನೆ, ಬಿಳಿ ಗ್ಲೌಸು

57ನೇ ಬೀದಿಯ ಜಾಗ 1979ರವರೆಗೆ ಉಳಿಯಿತು. ಬಾಡಿಗೆ ಕಟ್ಟಲಾಗದೆ ಬಿಡಿಸಿದರು. 1980ರಲ್ಲಿ ಜ್ಯಾಮ್ ಕೆಳಗಡೆ, ಟ್ರೈಬೆಕಾದ ಫ್ರಾಂಕ್ಲಿನ್ ಬೀದಿಗೆ ಹೋಯಿತು. ಗೋದಾಮುಗಳ ಕೇರಿ. ಅದೇ ವರ್ಷ ಲಿಂಡಾ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮುಗಿಸಿದರು. ವ್ಯವಹಾರ ಗೊತ್ತಿಲ್ಲದೆ ಮುಳುಗಿದರು ಅನ್ನುವವರ ಬಾಯಿಗೆ ಇದೊಂದು ಉತ್ತರ.

ಹೊಸ ಜಾಗದ ಉದ್ಘಾಟನೆ 1980ರ ಜೂನ್‌ನಲ್ಲಿ. ಜನ ಸೇರಿದ್ದಾರೆ. ಕರೆಯದೆ ಒಬ್ಬರು ಒಳಗೆ ಬಂದರು. ತಲೆಯ ಮೇಲೆ ಕಿರೀಟ. ಮೈಮೇಲೆ ಗೌನು. ಆ ಗೌನಿನ ಬಟ್ಟೆ ಏನು ಅಂದರೆ 180 ಜೊತೆ ಬಿಳಿ ಗ್ಲೌಸುಗಳು, ಸೆಕೆಂಡ್ ಹ್ಯಾಂಡ್ ಅಂಗಡಿಗಳಿಂದ ಆರಿಸಿ ತಂದು ಹೊಲಿದವು. ಬಂದವರಿಗೆ ಬಿಳಿ ಸೇವಂತಿಗೆ ಹಂಚಿದರು. ಹೂವೆಲ್ಲ ಮುಗಿದ ಮೇಲೆ ಕೈಯಲ್ಲಿ ಉಳಿದದ್ದು ಚಾಟಿ. ಅದರಿಂದ ತಮಗೆ ತಾವೇ ಹೊಡೆದುಕೊಂಡರು. ಆಮೇಲೆ ಕಪ್ಪು ಕಲಾವಿದರು ಅಂಜಿಕೊಂಡು, ಗ್ಲೌಸು ಹಾಕಿಕೊಂಡು ಕೆಲಸ ಮಾಡುತ್ತಿದ್ದಾರೆ, ಇನ್ನಷ್ಟು ಎದೆಗಾರಿಕೆ ಬೇಕು ಅಂತ ಕಿರುಚಿ ಹೊರಟುಹೋದರು. ಅವರು ಲೊರೇನ್ ಓ'ಗ್ರೇಡಿ. ಪಾತ್ರದ ಹೆಸರು ಮದಮ್ವಾಸೆಲ್ ಬೂರ್ಜ್ವಾ ನ್ವಾರ್, ಫ್ರೆಂಚಿನಲ್ಲಿ ಕಪ್ಪು ಮಧ್ಯಮವರ್ಗದ ಕುಮಾರಿ ಅಂತ. ಹೊರಗಿನವರೇನಲ್ಲ. ಜ್ಯಾಮ್‌ನ ಪ್ರಚಾರದ ಕೆಲಸಕ್ಕೆ ಸಂಬಳವಿಲ್ಲದೆ ಕೈ ಜೋಡಿಸಿದ್ದವರು.

ಗೃಹಪ್ರವೇಶದ ದಿನ ಮನೆಯವರೇ ಬಂದು ಬೈದರೆ ಏನು ಮಾಡುತ್ತೀರಿ? ಲಿಂಡಾ ಅದೇ ವರ್ಷದ ಅಕ್ಟೋಬರ್‌ನಲ್ಲಿ ಓ'ಗ್ರೇಡಿ ಅವರ ಮುಂದಿನ ಪ್ರದರ್ಶನಕ್ಕೆ ಅದೇ ಗ್ಯಾಲರಿಯಲ್ಲಿ ಜಾಗ ಕೊಟ್ಟರು. ಸಮುದಾಯ ಅನ್ನುವ ಪದ ಈಗ ಎಲ್ಲರ ಬಾಯಲ್ಲೂ ಇದೆ. ಬೈದವರಿಗೆ ಮತ್ತೆ ವೇದಿಕೆ ಕೊಡುವ ಜಾಗಗಳು ಎಷ್ಟಿವೆ ಅಂತ ಎಣಿಸಿ ನೋಡಬೇಕು.

ಫ್ರಾಂಕ್ಲಿನ್ ಬೀದಿಯಲ್ಲಿ ಮಾರಾಟಕ್ಕಿಂತ ಪ್ರಯೋಗ ಜಾಸ್ತಿಯಾಯಿತು. ನೃತ್ಯ, ಸಂಗೀತ, ವಿಡಿಯೋ ಎಲ್ಲ ಬಂತು. ಕಪ್ಪು ಕಲಾವಿದರು ಮಾತ್ರ ಅಂತಲೂ ಇರಲಿಲ್ಲ. ಇದರ ಜೊತೆಗೆ ಒಂದು ತೀರಾ ಒಣ ಕೆಲಸವನ್ನೂ ಹಚ್ಚಿಕೊಂಡರು. ದಿ ಬಿಸಿನೆಸ್ ಆಫ್ ಬೀಯಿಂಗ್ ಆನ್ ಆರ್ಟಿಸ್ಟ್ ಅಂತ ಪಾಠಗಳ ಸರಣಿ. ಕಲಾವಿದರು ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುವುದು ಹೇಗೆ ಅನ್ನುವುದೇ ವಿಷಯ. ಬಾಕಿ ನೋಟಿಸುಗಳ ಗುಡ್ಡೆಯ ಮೇಲೆ ಕೂತು ವ್ಯವಹಾರ ಕಲಿಸಿದರು ಅಂತ ನಗಬಹುದು. ಆದರೆ ಆ ಪಾಠ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

1984ರಲ್ಲಿ ಮೂರನೇ ಜಾಗ, ಸೋಹೋದ 503 ಬ್ರಾಡ್‌ವೇ. 1986ರಲ್ಲಿ ಗ್ಯಾಲರಿ ಮುಚ್ಚಿತು.

ಹಾಸಿಗೆ ಮತ್ತು ಕಾಲು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಅಂತ ಹೇಳುವುದು ಸುಲಭ. ನಾನೂ ಮೊದಲು ಓದಿದಾಗ ಹಾಗೇ ಅಂದುಕೊಂಡೆ. ಗ್ಯಾಲರಿ, ಪಾಠ, ಪ್ರಯೋಗ, ಪ್ರಕಟಣೆ, ಎಲ್ಲ ಒಂದೇ ಗಲ್ಲಾದಿಂದ. ಒಂದನ್ನಾದರೂ ಬಿಡಬಹುದಿತ್ತಲ್ಲ ಅನ್ನಿಸಿತು.

ಆಮೇಲೆ ಒಂದು ವರ್ಷ ಕಣ್ಣಿಗೆ ಬಿತ್ತು. 1979. ಜ್ಯಾಮ್ 57ನೇ ಬೀದಿ ಬಿಟ್ಟ ವರ್ಷ. ಅದೇ ವರ್ಷ ಸ್ಟುಡಿಯೋ ಮ್ಯೂಸಿಯಮ್ಮಿಗೆ ಒಂದು ಬ್ಯಾಂಕು 125ನೇ ಬೀದಿಯಲ್ಲಿ ಕಟ್ಟಡವನ್ನೇ ದಾನ ಕೊಟ್ಟಿತು. ಮದ್ಯದಂಗಡಿ ಮೇಲಿನ ಬಾಡಿಗೆದಾರರು ಸ್ವಂತ ಮನೆಯವರಾದರು. ಅದೇ ಜಾಗದಲ್ಲಿ 2025ರಲ್ಲಿ ಹೊಸ ಕಟ್ಟಡವೂ ಎದ್ದಿತು. ಎರಡೂ ಕಡೆ ಜನ ಕಷ್ಟಪಟ್ಟವರೇ. ಒಂದು ಕಡೆ ಕಾಲ ಕೆಳಗೆ ನೆಲ ಇತ್ತು, ಇನ್ನೊಂದು ಕಡೆ ತಿಂಗಳು ತಿಂಗಳು ಬಾಡಿಗೆ. ಮೂರು ಜಾಗ ಬದಲಾಯಿಸಿದ ಗ್ಯಾಲರಿಗೆ ಪ್ರತಿ ಸಲ ಗೋಡೆಗೆ ಬಣ್ಣ ಬಳಿಯುವುದರಿಂದ ಹಿಡಿದು ವಿಳಾಸದ ಕಾರ್ಡು ಅಚ್ಚು ಹಾಕಿಸುವವರೆಗೆ ಎಲ್ಲ ಮತ್ತೆ ಮೊದಲಿನಿಂದ. ಹಾಸಿಗೆ ಚಿಕ್ಕದು ಅನ್ನುವುದಕ್ಕಿಂತ ಹಾಸಿಗೆಯೇ ಬೇರೆಯವರದು.

ಲಾಭದ ಕಡೆಯೂ ನೋಡಿ. ನೆಂಗುಡಿ ಅವರ ಆರ್.ಎಸ್.ವಿ.ಪಿ. ಸರಣಿಯ ಒಂದು ಕೆಲಸ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹ ಸೇರಿದ್ದು 2011ರಲ್ಲಿ. ಜ್ಯಾಮ್ ಮುಚ್ಚಿ 25 ವರ್ಷ ಆಗಿತ್ತು. ಹ್ಯಾಮನ್ಸ್ ಇವತ್ತು ಜಗತ್ತಿನ ದುಬಾರಿ ಕಲಾವಿದರಲ್ಲಿ ಒಬ್ಬರು. ಗ್ಯಾಲರಿಗಳಲ್ಲಿ ಒಂದು ಕೆಲಸ ಮಾರಿದಾಗ ಅರ್ಧಕ್ಕೆ ಅರ್ಧ ಪಾಲು ವಾಡಿಕೆ. ಆದರೆ ಅದು ಮಾರಿದವರಿಗೆ, ಮಾರಿದ ದಿನಕ್ಕೆ ಮಾತ್ರ. ಯಾರೂ ಕೊಳ್ಳದ ಕಾಲದಲ್ಲಿ ಗೋಡೆ ಕೊಟ್ಟವರಿಗೆ ಆಮೇಲೆ ಏರಿದ ಬೆಲೆಯಲ್ಲಿ ಬಿಡಿಗಾಸೂ ಬರುವುದಿಲ್ಲ. ಬೀಜ ಬಿತ್ತಿದವರ ಹೆಸರಿಗೆ ಬಿಲ್ಲು, ಬೆಳೆ ಇನ್ನೊಬ್ಬರ ಕಣಜಕ್ಕೆ. ಕಲಾವಿದರ ಮೇಲೆ ದೂರಲ್ಲ ಇದು. ಅವರೂ ವರ್ಷಗಟ್ಟಲೆ ಕಾದವರೇ.

ಸಾಲವನ್ನು ದೊಡ್ಡ ತ್ಯಾಗ ಅಂತ ಹಾಡಿಹೊಗಳಲೂ ನನಗೆ ಮನಸ್ಸಿಲ್ಲ. ನೋಟಿಸು ಬರುತ್ತಿದ್ದದ್ದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿಯ ಕೈಗೆ. ಬಾಡಿಗೆ ಯೋಚನೆಯಲ್ಲಿ ನಿದ್ದೆಗೆಟ್ಟ ರಾತ್ರಿಗಳನ್ನು ಯಾವ ಮ್ಯೂಸಿಯಮ್ಮೂ ಗೋಡೆಗೆ ಏರಿಸಲಾರದು.

ಆಮೇಲೆ

ಲಿಂಡಾ ಸಿನಿಮಾ ಕಡೆ ಹೋದರು. 2003ರಲ್ಲಿ ಲಾರಾ ಪೊಯಿಟ್ರಸ್ ಜೊತೆ ಫ್ಲ್ಯಾಗ್ ವಾರ್ಸ್ ಸಾಕ್ಷ್ಯಚಿತ್ರ ಮಾಡಿದರು. ತಮ್ಮ ಹುಟ್ಟೂರು ಕೊಲಂಬಸ್‌ನಲ್ಲಿ ಹೊಸಬರು ಬಂದು ಹಳೇ ಮನೆಗಳನ್ನು ಕೊಳ್ಳುತ್ತಾ ಹೋದಾಗ ಅಲ್ಲಿದ್ದ ಕಪ್ಪು ಕುಟುಂಬಗಳಿಗೆ ಏನಾಯಿತು ಅನ್ನುವುದು ವಿಷಯ. ಮತ್ತೆ ಜಾಗದ ಪ್ರಶ್ನೆಯೇ.

2008ರಲ್ಲಿ ಜಗತ್ತಿನ ಹಲವು ಕಡೆ ಆಹಾರದ ಬೆಲೆ ಏರಿ ಜನ ಬೀದಿಗಿಳಿದರು. ಆ ದೃಶ್ಯಗಳನ್ನು ನೋಡಿದ ಲಿಂಡಾ ಪ್ರಾಜೆಕ್ಟ್ ಈಟ್ಸ್ ಶುರು ಮಾಡಿದರು. ನ್ಯೂಯಾರ್ಕಿನ ಖಾಲಿ ಸೈಟು, ತಾರಸಿಗಳಲ್ಲಿ ತರಕಾರಿ ಬೆಳೆಯುವ ಕೆಲಸ. ಒಳ್ಳೇ ಸೊಪ್ಪು-ತರಕಾರಿ ಸುಲಭಕ್ಕೆ ಸಿಗದ ಕೇರಿಗಳಲ್ಲೇ ಬೆಳೆದು ಅಲ್ಲೇ ಮಾರುತ್ತಾರೆ. ಗ್ಯಾಲರಿಯಿಂದ ತೋಟಕ್ಕೆ ಹೇಗೆ ಬಂದಿರಿ ಅಂತ ಕೇಳಿದವರಿಗೆ ಎರಡೂ ಒಂದೇ ಅನ್ನುವ ಅರ್ಥದಲ್ಲಿ ಮಾತಾಡಿದ್ದಾರೆ. ಕೈಯಲ್ಲಿ ಇರುವುದರಲ್ಲೇ ಬೇಕಾದ್ದನ್ನು ಮಾಡಿಕೊಳ್ಳುವುದು.

2022ರಲ್ಲಿ ಆ ಬಿಲ್ಲುಗಳು ಗೋಡೆ ಏರಿದ ಮ್ಯೂಸಿಯಂ ಇರುವುದು 53ನೇ ಬೀದಿಯಲ್ಲಿ. ಜ್ಯಾಮ್‌ನ ಮೊದಲ ಜಾಗ 57ನೇ ಬೀದಿಯಲ್ಲಿ. ಸುಮ್ನೆ ನಡೆದರೂ ಹತ್ತು ನಿಮಿಷ ಬೇಡ. ಆ ನಾಲ್ಕು ಬೀದಿ ದಾಟಲು ಜ್ಯಾಮ್‌ಗೆ 48 ವರ್ಷ ಹಿಡಿಯಿತು.